ಊಟದ ತಟ್ಟೆಯ ಎದುರು ಕುಳಿತ ಮನೆಗಳಿಗಾಗಿ ಒಂದು ಕೋಣೆ ಕೇಳುತ್ತಿದ್ದೇನೆ

ಮುಂಬಯಿ ಮತ್ತು ಉಪನಗರಗಳ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ, ಮಹಿಳಾ ವಿಭಾಗದ ಸೋದರಿಯರಿಗೆ ಬಹಿರಂಗ ಪತ್ರ

ಮಾನ್ಯರೇ,

ನಾನು ಇಪ್ಪತ್ತೆರಡು ವರ್ಷಗಳಿಂದ ಡೊಂಬಿವಲಿಯಲ್ಲಿ ಇರುವವಳು. ಊರು ಕುಂದಾಪುರದ ಕಡೆ. ಗಂಡ ಘಾಟ್‌ಕೋಪರಿನ ಹೋಟೆಲೊಂದರಲ್ಲಿ ಮ್ಯಾನೇಜರ್. ನಾನು ಫೋರ್ಟಿನ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ವಾರ್ಷಿಕೋತ್ಸವ, ಯಕ್ಷಗಾನ, ಅರಿಶಿನ ಕುಂಕುಮ ಎಂದು ನಿಮ್ಮ ಸಭಾಂಗಣಗಳಿಗೆ ಎಷ್ಟೋ ಸಲ ಬಂದಿದ್ದೇನೆ. ಮೂರು ವರ್ಷ ಬಾರದೆ ಉಳಿದೆ. ಏಕೆಂದು ಕೇಳಿದವರಿಗೆಲ್ಲ ಮಗಳಿಗೆ ಪರೀಕ್ಷೆ ಎಂದು ಹೇಳಿದೆ. ಅದು ಸುಳ್ಳು. ನನ್ನ ಮಗಳಿಗೆ ಅನೊರೆಕ್ಸಿಯಾ ನರ್ವೋಸಾ ಎಂಬ ಕಾಯಿಲೆ ಆಗಿತ್ತು. ಅವಳಿಗೆ ಊಟ ಮಾಡಲು ಆಗುತ್ತಿರಲಿಲ್ಲ.

ಇದನ್ನು ಬರೆಯುವ ಮೊದಲು ಅವಳ ಒಪ್ಪಿಗೆ ಪಡೆದಿದ್ದೇನೆ. ಈಗ ಅವಳಿಗೆ ಹತ್ತೊಂಬತ್ತು. ಎರಡು ಷರತ್ತು ಹಾಕಿದಳು. ಹೆಸರು ಬೇಡ, ತೂಕದ ಅಂಕಿ ಒಂದೂ ಬೇಡ. ಹೆಸರಿನ ಮಾತು ನನಗೆ ಅರ್ಥವಾಯಿತು. ಅಂಕಿ ಏಕೆ ಬೇಡ ಎಂದು ಕೇಳಿದೆ. "ಈ ಕಾಯಿಲೆ ಇರುವ ಇನ್ನೊಬ್ಬಳು ಓದಿದರೆ ನನ್ನ ತೂಕವನ್ನೇ ಗುರಿ ಮಾಡಿಕೊಳ್ಳುತ್ತಾಳೆ ಅಮ್ಮ. ನಾನೂ ಹಾಗೆಯೇ ಮಾಡಿದ್ದೆ" ಎಂದಳು. ಆದ್ದರಿಂದ ಅವಳು ಎಷ್ಟು ಇಳಿದಿದ್ದಳು ಎಂದು ಈ ಪತ್ರದಲ್ಲಿ ಎಲ್ಲಿಯೂ ಹೇಳುವುದಿಲ್ಲ. ನೀವೂ ಅದನ್ನು ಯಾರನ್ನೂ ಕೇಳಬೇಡಿ.

ಶುರುವಾದದ್ದು ಹತ್ತನೆಯ ತರಗತಿಯ ವರ್ಷ, ನವರಾತ್ರಿಯಲ್ಲಿ. ಒಂಬತ್ತು ದಿನ ಒಪ್ಪೊತ್ತು ಮಾಡುತ್ತೇನೆ ಎಂದಳು. ನನ್ನ ಅತ್ತೆಗೆ ಬಹಳ ಸಂತೋಷವಾಯಿತು. ಈ ಕಾಲದ ಮಕ್ಕಳಲ್ಲಿ ಇಂಥ ಶ್ರದ್ಧೆ ಎಲ್ಲಿದೆ ಎಂದು ಊರಿಗೆಲ್ಲ ಫೋನ್ ಮಾಡಿದರು. ವಿಜಯದಶಮಿಯ ದಿನ ಉಪವಾಸ ಮುಗಿಯಿತು, ಅವಳದು ಮುಗಿಯಲಿಲ್ಲ. ಏಕಾದಶಿ ಬಂತು, ಸಂಕಷ್ಟಿ ಬಂತು, ಗುರುವಾರ ಬಂತು. ನಮ್ಮ ಪಂಚಾಂಗದಲ್ಲಿ ಊಟ ಬಿಡಲು ಕಾರಣಗಳು ಎಷ್ಟಿವೆ ಎಂದು ನನಗೆ ಗೊತ್ತಾದದ್ದು ಆಗ. ನಾನು ಉಪವಾಸವನ್ನು ದೂರುತ್ತಿಲ್ಲ, ಇಂದಿಗೂ ಸಂಕಷ್ಟಿ ಮಾಡುತ್ತೇನೆ. ಆದರೆ ಉಪವಾಸ ಮಾಡುವವರು ಚಂದ್ರ ಕಂಡ ಮೇಲೆ ಉಣ್ಣುತ್ತಾರೆ. ಚಂದ್ರ ಕಂಡ ಮೇಲೂ ಒಂದು ಮಗು ಉಣ್ಣದೆ ಕುಳಿತರೆ ಅದು ವ್ರತವಲ್ಲ ಎಂದು ನಮಗೆ ಹೊಳೆಯಬೇಕಿತ್ತು.

ಅದೇ ಚಳಿಗಾಲದಲ್ಲಿ ನಿಮ್ಮಂಥ ಒಂದು ಸಭೆಗೆ ಅವಳನ್ನು ಕರೆತಂದಿದ್ದೆ. ಒಬ್ಬರಾದ ಮೇಲೆ ಒಬ್ಬರು ಹತ್ತಿರ ಬಂದು ಹೇಳಿದರು: "ಎಷ್ಟು ಸಪೂರ ಆಗಿದ್ದೀಯಾ, ಈಗ ಚಂದ ಕಾಣುತ್ತೀ. ಏನು ಮಾಡಿದೆ, ನಮ್ಮ ಮಗಳಿಗೂ ಹೇಳಿಕೊಡು." ಪ್ರೀತಿಯಿಂದಲೇ ಹೇಳಿದರು. ಅವಳಿಗೆ ಆಗಲೇ ಮುಟ್ಟು ನಿಂತಿತ್ತು. ಮುಂಬಯಿಯ ಬೆವರಿನಲ್ಲೂ ಸ್ವೆಟರ್ ಹಾಕಿಕೊಳ್ಳುತ್ತಿದ್ದಳು. ತೋಳಿನ ಮೇಲೆ ಎಳೆಮಗುವಿನ ಮೈಯಲ್ಲಿರುವಂಥ ಮೆತ್ತನೆಯ ರೋಮ ಬೆಳೆಯುತ್ತಿತ್ತು. ದೇಹ ಶಾಖ ಉಳಿಸಿಕೊಳ್ಳಲು ಹೆಣಗುತ್ತಿರುವ ಗುರುತು ಅದು ಎಂದು ವೈದ್ಯರು ಹೇಳಿದ್ದು ಆಮೇಲೆ. ಅಂದು ರಾತ್ರಿ ಅವಳು ಹೊಗಳಿಕೆಗಳನ್ನೆಲ್ಲ ಡೈರಿಯಲ್ಲಿ ಬರೆದಿಟ್ಟುಕೊಂಡಳು. ಹಸಿವಾದಾಗ ತೆಗೆದು ಓದುತ್ತಿದ್ದಳಂತೆ.

ಮನೆಯಲ್ಲಿ ನಾವು ಕಂಡದ್ದು ಬೇರೆ. ಅವಳು ಇದ್ದಕ್ಕಿದ್ದಂತೆ ಅಡುಗೆಗೆ ಇಳಿದಳು. ಕಾಯಿಹಾಲು ಹಿಂಡಿ ಪಾಯಸ ಮಾಡಿದಳು, ತಮ್ಮನಿಗೆ ಕೇಕ್ ಬೇಯಿಸಿದಳು, ಅಪ್ಪ ರಾತ್ರಿ ಹನ್ನೊಂದಕ್ಕೆ ಬಂದರೂ ಎದ್ದು ಬಿಸಿ ದೋಸೆ ಹಾಕಿ ಬಡಿಸಿದಳು. ಎದುರು ಕುಳಿತು ನಾವು ತಿನ್ನುವುದನ್ನೇ ನೋಡುತ್ತಿದ್ದಳು. ಎಂಥ ಮಗಳು ಎಂದು ನಾನು ಹಿಗ್ಗಿದೆ. ಮುಂದೆ ಮನೋವೈದ್ಯರು ನನಗೆ ಒಂದು ಪ್ರಯೋಗದ ವಿಷಯ ಹೇಳಿದರು. 1944-45ರಲ್ಲಿ, ಯುದ್ಧದಿಂದ ಹಸಿದ ಯುರೋಪಿಗೆ ಹೇಗೆ ಉಣ್ಣಿಸಬೇಕೆಂದು ತಿಳಿಯಲು, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಗಂಡಸರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟರು. ಸ್ವಇಚ್ಛೆಯಿಂದ ಬಂದವರು ಅವರು. ಅಡುಗೆಯಲ್ಲಿ ಎಂದೂ ಆಸಕ್ತಿ ಇರದಿದ್ದವರು ಅಡುಗೆ ಪುಸ್ತಕ ಓದತೊಡಗಿದರು. ಒಂದೇ ಊಟವನ್ನು ಗಂಟೆಗಟ್ಟಲೆ ಎಳೆದರು. ಮಂಕಾದರು, ಸಿಡುಕಿದರು, ಜನರಿಂದ ದೂರ ಸರಿದರು. ಮತ್ತೆ ಊಟ ಕೊಟ್ಟ ಮೇಲೂ ಮನಸ್ಸು ಮೊದಲಿನಂತಾಗಲು ಬಹಳ ತಿಂಗಳು ಬೇಕಾಯಿತು. ನನ್ನ ಮಗಳ ಸ್ವಭಾವ ಕೆಟ್ಟಿದೆ ಎಂದು ನಾನು ತಿಳಿದದ್ದೆಲ್ಲ ಹಸಿವಿನ ಲಕ್ಷಣವೇ ಆಗಿತ್ತು. ಇದೊಂದು ವಿಷಯ ಮೊದಲೇ ಗೊತ್ತಿದ್ದರೆ ನಾನು ಅವಳಿಗೆ ಆಡಿದ ಎಷ್ಟೋ ಮಾತುಗಳನ್ನು ಆಡುತ್ತಿರಲಿಲ್ಲ.

ಗ್ಯಾಲರಿಯ ತುಳಸಿ ಕುಂಡಕ್ಕೆ ಇರುವೆ ಮುತ್ತಿತ್ತು. ಮಣ್ಣು ಕೆದಕಿದಾಗ ಚಪಾತಿಯ ಚೂರುಗಳು ಸಿಕ್ಕವು. ಆ ದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು.

ಮೊದಲ ಡಾಕ್ಟರು ರಕ್ತ ಪರೀಕ್ಷೆ ನಾರ್ಮಲ್ ಇದೆ, ಹಟ ಮಾಡುತ್ತಾಳೆ, ಕಬ್ಬಿಣದ ಟಾನಿಕ್ ಕೊಡಿ ಎಂದರು. ಇದನ್ನು ಓದುವ ತಂದೆತಾಯಿಗಳು ದಯವಿಟ್ಟು ಗಮನಿಸಿ: ರಕ್ತದ ವರದಿ ಸರಿಯಾಗಿದ್ದ ಮಾತ್ರಕ್ಕೆ ಈ ಕಾಯಿಲೆ ಇಲ್ಲ ಎಂದಲ್ಲ. ಎರಡನೆಯ ವೈದ್ಯೆ ಅವಳ ಕೈ ಹಿಡಿದು ನಾಡಿ ಎಣಿಸಿದರು. ನಿಮಿಷಕ್ಕೆ 44. ಕೂತವಳನ್ನು ನಿಲ್ಲಿಸಿ ರಕ್ತದೊತ್ತಡ ನೋಡಿ, ಮನೆಗೆ ಕರೆದೊಯ್ಯಬೇಡಿ ಎಂದರು. ಆಸ್ಪತ್ರೆಯಲ್ಲಿ ಊಟವನ್ನೂ ಒಮ್ಮೆಗೇ ಕೊಡಲಿಲ್ಲ. ಬಹಳ ದಿನ ಹಸಿದ ದೇಹಕ್ಕೆ ಏಕಾಏಕಿ ತುಂಬಾ ಅನ್ನ ಬಿದ್ದರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯವೇ ನಿಲ್ಲಬಹುದಂತೆ. ಎರಡನೆಯ ಮಹಾಯುದ್ಧ ಮುಗಿದು ಬಿಡುಗಡೆಯಾದ ಹಸಿದ ಸೆರೆಯಾಳುಗಳು ಹೊಟ್ಟೆತುಂಬ ಉಂಡು ಸತ್ತದ್ದನ್ನು ಕಂಡೇ ಇದನ್ನು ಕಲಿತರಂತೆ. ಆದ್ದರಿಂದ ತೀರಾ ಇಳಿದುಹೋದ ಮಗುವಿಗೆ ಮನೆಯಲ್ಲೇ ತುಪ್ಪ ಸುರಿದು ಉಣ್ಣಿಸಲು ಹೋಗಬೇಡಿ, ಮೊದಲು ವೈದ್ಯರಿಗೆ ತೋರಿಸಿ.

ಆಸ್ಪತ್ರೆಯಿಂದ ಬಿಡುವಾಗ ಕೇಳಿದೆ: ಔಷಧ ಯಾವುದು ಕೊಡುತ್ತೀರಿ? ವೈದ್ಯೆ ಹೇಳಿದರು: "ಊಟವೇ ಔಷಧ. ದಿನಕ್ಕೆ ಆರು ಹೊತ್ತು. ಕೊಡಬೇಕಾದವರು ನೀವು."

ಇಲ್ಲಿಂದ ಮುಂದಿನದನ್ನು ಹೇಳಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ಈ ಕಾಯಿಲೆಗೆ 1870ರ ದಶಕದಲ್ಲೇ ಹೆಸರಿಟ್ಟಿದ್ದರು. ಇದು ಮೊಬೈಲ್ ತಂದ ರೋಗ ಎನ್ನುವವರಿಗೆ ಈ ಮಾತು. ಹೆಸರಿಟ್ಟ ಲಂಡನ್ನಿನ ವೈದ್ಯ ವಿಲಿಯಂ ಗಲ್, ಇಂಥ ರೋಗಿಗಳನ್ನು ನೋಡಿಕೊಳ್ಳಲು ಬಂಧುಬಳಗದವರು ಸಾಮಾನ್ಯವಾಗಿ ಎಲ್ಲರಿಗಿಂತ ಕಡೆ ಎಂಬ ಅರ್ಥದ ಮಾತನ್ನೂ ಬರೆದ. ಮುಂದೆ ಬಹುಕಾಲ ತಾಯಿಯದೇ ತಪ್ಪು ಎನ್ನುತ್ತಾ ಬಂದರು. 1980ರ ದಶಕದಲ್ಲಿ ಅದೇ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯವರು ಇದನ್ನು ತಿರುಗಿಸಿದರು. ಕಾರಣ ಹುಡುಕುತ್ತಾ ಕೂರುವುದು ಬೇಡ, ತಂದೆತಾಯಿಯೇ ಊಟದ ಹೊಣೆ ಹೊರಲಿ, ಮಗು ಚೇತರಿಸಿಕೊಂಡಂತೆ ಆ ಹೊಣೆಯನ್ನು ಸ್ವಲ್ಪಸ್ವಲ್ಪವಾಗಿ ಮಗುವಿಗೇ ಬಿಟ್ಟುಕೊಡಲಿ ಎಂದರು. ಹದಿಹರೆಯದವರ ಅನೊರೆಕ್ಸಿಯಾಕ್ಕೆ ಇಂದು ಅತ್ಯಂತ ಹೆಚ್ಚು ಆಧಾರವಿರುವ ಚಿಕಿತ್ಸೆ ಇದೇ. ಅವಳಿ ಮಕ್ಕಳ ಅಧ್ಯಯನಗಳು ಈ ಕಾಯಿಲೆಯಲ್ಲಿ ವಂಶವಾಹಿಗಳ ಪಾಲು ಗಣನೀಯ ಎಂದು ತೋರಿಸಿವೆ. "ನೀವು ಹೇಗೆ ಬೆಳೆಸಿದಿರಿ" ಎಂದು ನಮ್ಮನ್ನು ಕೇಳುವವರು ಇದನ್ನು ತಿಳಿದಿರಲಿ.

ಆದರೆ ತಂದೆತಾಯಿ ಹೊಣೆ ಹೊರಲಿ ಎನ್ನುವ ಒಂದು ಸಾಲು ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ಏನಾಗುತ್ತದೆ ಎಂದು ಕೇಳಿ. ಬೆಳಗಿನ ತಿಂಡಿಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಎರಡು ನೀರುದೋಸೆ, ಚಟ್ನಿ, ಒಂದು ಲೋಟ ಹಾಲು. ಅವಳು ದೋಸೆಯನ್ನು ಉಗುರಿನಷ್ಟು ಚೂರು ಮಾಡುತ್ತಾಳೆ. ಎಣ್ಣೆ ಹಾಕಿದ್ದೀಯಾ ಎಂದು ಹತ್ತು ಸಲ ಕೇಳುತ್ತಾಳೆ. ತಟ್ಟೆ ತಳ್ಳುತ್ತಾಳೆ, ಅಳುತ್ತಾಳೆ, ನೀನು ನನ್ನ ಶತ್ರು ಎನ್ನುತ್ತಾಳೆ. ನಾನು ರೇಗಬಾರದು, ಗೋಗರೆಯಬಾರದು, ಚೌಕಾಸಿ ಮಾಡಬಾರದು. "ಕಷ್ಟ ಆಗುತ್ತಿದೆ ಎಂದು ಗೊತ್ತು. ನಾನು ಇಲ್ಲೇ ಇದ್ದೇನೆ. ಇನ್ನೊಂದು ತುತ್ತು." ಇಷ್ಟೇ ಹೇಳಬೇಕು. ಅದು ಮುಗಿದರೆ ಹತ್ತೂವರೆಗೆ ಹಣ್ಣು, ಒಂದಕ್ಕೆ ಊಟ, ಸಂಜೆ ಮತ್ತೆ. ಏಳೂ ಇಪ್ಪತ್ತರ ಲೋಕಲ್ ಹಿಡಿಯುವ ಹೆಂಗಸು ಇದನ್ನು ಮಾಡುವುದು ಹೇಗೆ? ನಾನು ಏಳು ತಿಂಗಳು ಸಂಬಳವಿಲ್ಲದ ರಜೆ ಹಾಕಿದೆ. ಗಂಡ ಮಾಲೀಕರಲ್ಲಿ ಮಾತಾಡಿ ಮಧ್ಯಾಹ್ನ ಎರಡು ಗಂಟೆ ಮನೆಗೆ ಬರುವಂತೆ ಪಾಳಿ ಬದಲಿಸಿಕೊಂಡರು. ರಜೆ ಸಿಗದವರು, ಒಬ್ಬರೇ ದುಡಿಯುವವರು, ದಿನಗೂಲಿಯವರು ಏನು ಮಾಡುತ್ತಾರೆ ಎಂದು ನಾನು ರಾತ್ರಿ ನಿದ್ದೆ ಬಾರದೆ ಯೋಚಿಸಿದ್ದೇನೆ.

ನಮ್ಮ ಮನೆಯಲ್ಲಿ ಅತ್ತೆ ಇದ್ದರು. ಅವರಿಗೆ ಎಪ್ಪತ್ತಾರು ವರ್ಷ. ಮರಾಠಿ ಅಷ್ಟಕ್ಕಷ್ಟೆ, ಹಿಂದಿ ಬರುವುದಿಲ್ಲ. ಆಪ್ತಸಲಹೆ ನಡೆದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. "ಮಗುವೇ ಬೇರೆ, ಕಾಯಿಲೆಯೇ ಬೇರೆ ಎಂದು ನೋಡಿ. ಅವಳು ಕೂಗಾಡುವಾಗ ಕೂಗುತ್ತಿರುವುದು ಕಾಯಿಲೆ" ಎಂದು ಆಪ್ತಸಲಹೆಗಾರ್ತಿ ಹೇಳಿದರು. ಇದನ್ನು ಅತ್ತೆಗೆ ಹೇಗೆ ದಾಟಿಸುವುದೆಂದು ನನಗೆ ತಿಳಿಯಲಿಲ್ಲ. ನಾಲ್ಕು ರೀತಿಯಲ್ಲಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ದರ್ಶನದ ಹೊತ್ತಿಗೆ ಪಾತ್ರಿ ಆಡುವ ಮಾತು ಪಾತ್ರಿಯದಲ್ಲ, ಹಾಗೆಯೇ ಅಲ್ಲವೇ" ಎಂದರು. ದೈವ ಮೈಮೇಲೆ ಬರುವವನನ್ನು ನಮ್ಮೂರ ಕಡೆ ಪಾತ್ರಿ ಎನ್ನುತ್ತಾರೆ. ನಾನು ಹೆದರಿದೆ. ಇನ್ನು ಮಂತ್ರವಾದಿಯನ್ನು ಕರೆಸೋಣ ಎನ್ನುತ್ತಾರೋ ಎಂದು. ಅವರು ಹಾಗೆ ಹೇಳಲಿಲ್ಲ. ಮರುದಿನದಿಂದ ಮೊಮ್ಮಗಳು ಎಷ್ಟು ಕೆಟ್ಟ ಮಾತು ಆಡಿದರೂ ಅವರು ನೊಂದುಕೊಳ್ಳಲಿಲ್ಲ. "ಇದು ನಿನ್ನ ಮಾತಲ್ಲ ಮಗಾ. ನೀನು ಬಾ, ಉಣ್ಣು" ಎನ್ನುತ್ತಿದ್ದರು. ಊಟವಾದ ಮೇಲಿನ ಒಂದು ಗಂಟೆ ಅವಳನ್ನು ಒಬ್ಬಳೇ ಬಿಡಬಾರದಿತ್ತು. ವಾಂತಿ ಮಾಡಿಕೊಳ್ಳಬಹುದು, ಕಟ್ಟಡದ ಮೆಟ್ಟಿಲು ಹತ್ತಿ ಇಳಿದು ತಿಂದದ್ದನ್ನು ಕರಗಿಸಲು ನೋಡಬಹುದು. ಅತ್ತೆ ಅಟ್ಟದಿಂದ ಚೆನ್ನೆಮಣೆ ಇಳಿಸಿದರು. ಊರಿನ ಮಳೆಗಾಲದ ಆಟವನ್ನು ನಮ್ಮ ಮನೆಯಲ್ಲಿ ವರ್ಷವಿಡೀ ಆಡಿದೆವು. ಕಾಯಿ ಎಣಿಸುವುದರಲ್ಲಿ ಅವಳ ತಲೆ ತುಸು ಹೊತ್ತು ಕ್ಯಾಲೊರಿ ಎಣಿಸುವುದನ್ನು ಮರೆಯುತ್ತಿತ್ತು.

ಓದದ ಒಬ್ಬ ಅಜ್ಜಿಗೆ ಇದು ತನ್ನ ಮಾತಿನಲ್ಲಿ ತಿಳಿದಾಗ ಮನೆಯೇ ಬದಲಾಯಿತು. ನಮ್ಮ ಜನಕ್ಕೆ ನಮ್ಮ ಭಾಷೆಯಲ್ಲಿ ಇದನ್ನು ಹೇಳುವವರು ಈ ಮಹಾನಗರದಲ್ಲಿ ನನಗೆ ಸಿಗಲಿಲ್ಲ. ಮನೆಮಾತಿನಲ್ಲಿ ಇದಕ್ಕೆ ಒಂದು ಹೆಸರೂ ಇಲ್ಲ. ಹಟ, ಸೊಕ್ಕು, ದೃಷ್ಟಿ, ಇಲ್ಲವೇ ಮದುವೆಯಾದರೆ ಸರಿಹೋಗುತ್ತದೆ. ಈ ನಾಲ್ಕೇ ವಿವರಣೆ ನಮ್ಮ ಬಳಿ ಇರುವುದು. ಹೆಸರಿಲ್ಲದ್ದರಿಂದ ಮುಚ್ಚಿಡುತ್ತೇವೆ. ಮುಚ್ಚಿಟ್ಟರೆ ಸಾಯುವ ಕಾಯಿಲೆ ಇದು. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಅನೊರೆಕ್ಸಿಯಾ ಒಂದು. ಕೆಲವರ ಹೃದಯ ನಿಲ್ಲುತ್ತದೆ, ಕೆಲವರು ತಾವೇ ಜೀವ ಕಳೆದುಕೊಳ್ಳುತ್ತಾರೆ.

ಸಪೂರ ಇರುವವರಿಗೆ ಮಾತ್ರ ಎಂದೂ ತಿಳಿಯಬೇಡಿ. ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಕುಳಿತಿದ್ದ ಒಬ್ಬ ತುಳು ತಾಯಿಯ ಮಗ ದುಂಡಗೆ ಇದ್ದ. ರಾತ್ರಿ ಒಬ್ಬನೇ ವಿಪರೀತ ತಿಂದು ವಾಂತಿ ಮಾಡಿಕೊಳ್ಳುತ್ತಿದ್ದ. ಮೊದಲು ಪತ್ತೆ ಹಚ್ಚಿದ್ದು ದಂತವೈದ್ಯರು, ಹುಳಿ ತಾಗಿ ತಾಗಿ ಹಲ್ಲಿನ ಹೊರಪದರ ಸವೆದಿತ್ತು. ಎರಡು ವರ್ಷ ಅವನನ್ನು ಯಾರೂ ಏನೂ ಕೇಳಿರಲಿಲ್ಲ. ವಾಂತಿ ಮಾಡಿಕೊಳ್ಳದೆ, ಬರೀ ತಡೆಯಲಾರದೆ ತಿನ್ನುವುದನ್ನು ಅಮೆರಿಕದ ಮನೋವೈದ್ಯರ ಕೈಪಿಡಿಯೇ ಪ್ರತ್ಯೇಕ ಕಾಯಿಲೆ ಎಂದು ಒಪ್ಪಿಕೊಂಡದ್ದು 2013ರಲ್ಲಿ. ನಮ್ಮ ಸಂಘಗಳಲ್ಲಿ ಅಂಥವರನ್ನು "ಹೊಟ್ಟೆಬಾಕ" ಎಂದು ವೇದಿಕೆಯ ಮೇಲೆಯೇ ತಮಾಷೆ ಮಾಡುವುದನ್ನು ನಾನು ಕೇಳಿದ್ದೇನೆ.

ಈಗ ನಾನು ನಿಮ್ಮಲ್ಲಿ ಕೇಳುವುದಕ್ಕೆ ಬರುತ್ತೇನೆ. ನಿಮ್ಮಿಂದ ಚಿಕಿತ್ಸೆ ಕೇಳುತ್ತಿಲ್ಲ. ಕೆ.ಇ.ಎಂ., ಸಾಯನ್, ನಾಯರ್‌ನಂಥ ಪಾಲಿಕೆಯ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, 2022ರ ಅಕ್ಟೋಬರ್ 10ರಂದು ಶುರುವಾದದ್ದು, ಹಗಲಿರುಳೂ ಉಚಿತ, ಕನ್ನಡದಲ್ಲೂ ಮಾತನಾಡಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೆಯ ಕಲಮು ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೆಯೇ ವಿಮೆ ಕೊಡಬೇಕೆನ್ನುತ್ತದೆ. ನಮ್ಮ ವಿಮೆಯವರು ಮೊದಲು ಹಣ ಕೊಡಲಿಲ್ಲ. ಈ ಕಲಮು ಬರೆದು ಪತ್ರ ಹಾಕಿದ ಮೇಲೆ ಕೊಟ್ಟರು. ನಿಮ್ಮ ಸೂಚನಾ ಫಲಕದಲ್ಲಿ ಆ ಸಹಾಯವಾಣಿಯ ಸಂಖ್ಯೆ, ಆ ಕಲಮು ಎರಡನ್ನೂ ಬರೆದು ಹಾಕಿದರೆ ಒಂದಲ್ಲ ಒಂದು ಮನೆ ಉಳಿದೀತು.

ನನಗೆ ಬೇಕಾದದ್ದು ತಿಂಗಳಿಗೊಮ್ಮೆ ಒಂದು ಕೋಣೆ. ಊಟದ ತಟ್ಟೆಯ ಎದುರು ದಿನಕ್ಕೆ ಆರು ಹೊತ್ತು ಕುಳಿತು ಸೋತ ತಂದೆತಾಯಿ, ಅಜ್ಜಿ, ಅಕ್ಕತಂಗಿ, ಗಂಡಂದಿರು ಬಂದು ಎರಡು ಗಂಟೆ ಕೂರಲು. ಭಾಷಣ ಬೇಡ, ಹಾರ ತುರಾಯಿ ಬೇಡ, ಫೋಟೊ ಖಂಡಿತ ಬೇಡ. ನಮ್ಮ ಸಮಾಜದಲ್ಲಿ ಮನೋವೈದ್ಯರಿದ್ದಾರೆ, ಆಹಾರತಜ್ಞರಿದ್ದಾರೆ. ವರ್ಷಕ್ಕೆ ನಾಲ್ಕು ಸಲ ಒಬ್ಬರು ಬಂದು ಕನ್ನಡದಲ್ಲಿ, ತುಳುವಿನಲ್ಲಿ, ಕುಂದಾಪುರದ ಮಾತಿನಲ್ಲಿ ನಮ್ಮ ಪ್ರಶ್ನೆಗಳಿಗೆ ಉತ್ತರಿಸಲಿ. ಉಳಿದ ಎಂಟು ತಿಂಗಳು ನಾವು ನಾವೇ ಸಾಕು. ನನ್ನ ಮಗನ ಮಾತನ್ನೂ ಇಲ್ಲಿ ಹೇಳಬೇಕು. ಅಕ್ಕನ ಕಾಯಿಲೆಯ ದಿನಗಳಲ್ಲಿ ಹನ್ನೊಂದು ವರ್ಷದ ಅವನನ್ನು ಯಾರೂ ನೋಡಲಿಲ್ಲ. ಅವನ ಶಾಲೆಯ ಸಹಿಗಳನ್ನು ಪಕ್ಕದ ಮನೆಯವರು ಹಾಕಿದರು. ಅಂಥ ಮಕ್ಕಳನ್ನು ಆ ಎರಡು ಗಂಟೆ ಸಭಾಂಗಣದಲ್ಲಿ ಕೇರಂ ಆಡಿಸುವವರು ನಿಮ್ಮ ಯುವ ವಿಭಾಗದಲ್ಲಿ ಇದ್ದೇ ಇರುತ್ತಾರೆ.

ವಿದ್ಯಾರ್ಥಿವೇತನ ನಿಧಿಗಳನ್ನು ನೀವು ಬಹಳ ಅಚ್ಚುಕಟ್ಟಾಗಿ ನಡೆಸುತ್ತೀರಿ. ಅದರಲ್ಲೊಂದು ಸಣ್ಣ ಪಾಲನ್ನು ಆಹಾರತಜ್ಞರ ಶುಲ್ಕಕ್ಕೆ, ರಜೆ ಹಾಕಿದ ತಾಯಿಯ ಒಂದು ತಿಂಗಳ ರೇಶನ್ನಿಗೆ ತೆಗೆದಿಡಿ. ಮಹಿಳಾ ವಿಭಾಗದ ಸೋದರಿಯರೇ, ತೂಕ ಇಳಿಸುವ ಸ್ಪರ್ಧೆಗಳನ್ನು ನಿಲ್ಲಿಸಿ. ಅಂಥ ಒಂದರಲ್ಲಿ ನಾನೂ ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದ್ದೆ, ನನ್ನ ಮಗಳು ಪಕ್ಕದಲ್ಲೇ ಇದ್ದಳು. ಮತ್ತು ಯಾರೇ ಎದುರು ಸಿಕ್ಕರೂ ಸಪೂರ, ದಪ್ಪ ಎಂಬ ಎರಡು ಮಾತು ಬಿಟ್ಟು ಬೇರೆ ಏನನ್ನಾದರೂ ಕೇಳಿ. ಚೇತರಿಸಿಕೊಂಡು ಬಂದವಳಿಗೆ "ಈಗ ಮೈಕೈ ತುಂಬಿಕೊಂಡಿದ್ದೀಯಾ" ಎಂದರೂ ಅವಳ ಕಿವಿಗೆ ಅದು ದಪ್ಪ ಆಗಿದ್ದೀಯಾ ಎಂದೇ ಕೇಳುತ್ತದೆ. ನನ್ನ ಮಗಳು ಹನ್ನೆರಡನೆಯ ತರಗತಿಯಲ್ಲಿ ಮತ್ತೆ ಜಾರಿದ್ದು ಒಂದು ಮದುವೆ ಮನೆಯ ಇಂಥದೇ ಮಾತಿನ ವಾರದಲ್ಲಿ. ಆ ಮಾತೊಂದೇ ಕಾರಣ ಎಂದು ಹೇಳಲಾರೆ, ಪರೀಕ್ಷೆಯೂ ಇತ್ತು. ಆದರೆ ಮತ್ತೆ ಮೂರು ತಿಂಗಳು ನಾವು ಆ ಮೇಜಿನ ಎದುರು ಕುಳಿತೆವು.

ಅವಳು ಈಗ ಕಾಲೇಜಿಗೆ ಹೋಗುತ್ತಾಳೆ. ಡಬ್ಬಿ ತಾನೇ ಕಟ್ಟಿಕೊಳ್ಳುತ್ತಾಳೆ. ಕೆಲವು ದಿನ ಇನ್ನೂ ಕಷ್ಟವಾಗುತ್ತದೆ, ಆಗ ನನಗೆ ಹೇಳುತ್ತಾಳೆ. ಹೋದ ಭಾನುವಾರ ಕುಚಲಕ್ಕಿ ಗಂಜಿಗೆ ತುಪ್ಪ ತಾನೇ ಕೇಳಿ ಹಾಕಿಸಿಕೊಂಡಳು. ಅತ್ತೆ ಏನೂ ಹೇಳದೆ ಬಡಿಸಿ ಒಳಗೆ ಹೋದರು.

ಮೊದಲ ಸಭೆಗೆ ನಾಲ್ಕು ಮನೆಯವರು ಬರಲು ಒಪ್ಪಿದ್ದಾರೆ. ಒಂದು ಡೊಂಬಿವಲಿ, ಒಂದು ಠಾಣೆ, ಎರಡು ಮೀರಾ ರೋಡ್. ಮಾಟುಂಗ, ಸಾಂತಾಕ್ರೂಜ್, ಕುರ್ಲಾ, ಎಲ್ಲಿ ಕೋಣೆ ಕೊಟ್ಟರೂ ಬರುತ್ತೇವೆ. ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ ಮೂರರಿಂದ ಐದು, ಊಟಕ್ಕೂ ಸಂಜೆಯ ತಿಂಡಿಗೂ ನಡುವೆ ನಮಗೆ ಸಿಗುವ ಹೊತ್ತು ಅದೊಂದೇ. ಹತ್ತು ಕುರ್ಚಿ ಸಾಕು. ಚಹಾ ನಾವೇ ತರುತ್ತೇವೆ. ಕೀಲಿಯನ್ನು ಯಾರ ಹತ್ತಿರ ಕೇಳಬೇಕು ಎಂದು ತಿಳಿಸಿ.

ಇತಿ,
ಡೊಂಬಿವಲಿಯ ಒಬ್ಬ ತಾಯಿ